ಉಪ್ಪು ಹಾಕದ ತೋಫು

ಬಿಳಿ ಬಟ್ಟೆಯ ಗಂಟಿನ ಮೇಲೆ ರುಬ್ಬುಗುಂಡು ಕೂತಿತ್ತು. ಗಂಟಿನಿಂದ ನೀರು ಹನಿಹನಿಯಾಗಿ ಕೆಳಗಿನ ತಾಟಿಗೆ ಬೀಳುತ್ತಿತ್ತು. ನಾನು ಅದರ ಮುಂದೆ ಕೂತೆ, ಎದ್ದೆ, ಮತ್ತೆ ಕೂತೆ, ಕೊನೆಗೆ ತಡೆಯಲಾರದೆ ಗುಂಡನ್ನು ಎರಡೂ ಕೈಯಿಂದ ಒತ್ತಿದೆ.

"ಒತ್ತಬ್ಯಾಡ್ರಿ ಅಕ್ಕಾರ," ಎಂದಳು ಡೋಲ್ಕರ್. "ಅದರ ಪಾಡಿಗೆ ಅದು ಇಳೀಲಿ. ನೀವು ಹಿಂಗ ಒತ್ತಿದರ ಪುಡಿ ಆಗತೈತಿ."

"ಇದೇನು ಗಂಟೋ, ಬಸುರಿಯೋ? ಇನ್ನೂ ಎಷ್ಟು ಹೊತ್ತು ಕಾಯೋದು?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಕಾಯುವ ಕೆಲಸ ನನಗೆ ಹುಟ್ಟಿದಂದಿನಿಂದ ಆಗಿಬಂದಿಲ್ಲ.

ಡೋಲ್ಕರ್ ಚಳಿಗಾಲ ಬಂದರೆ ನಮ್ಮೂರಿಗೆ ಸ್ವೆಟರ್ ಮಾರಲು ಬರುತ್ತಿದ್ದ ಟಿಬೆಟಿ ಹೆಂಗಸು. ನಮ್ಮ ಹಿತ್ತಿಲ ಖೋಲಿಯಲ್ಲಿ ಬಾಡಿಗೆಗಿರುತ್ತಿದ್ದಳು. ತೋಫು ಮಾಡುವುದನ್ನು ನನಗೆ ಕಲಿಸಿದವಳು ಅವಳೇ. ಸೋಯಾ ಕಾಳು ನೆನೆಹಾಕಿ, ರುಬ್ಬಿ, ಹಿಂಡಿ ಹಾಲು ತೆಗೆದು, ಕುದಿಸಿ, ಲಿಂಬೆರಸ ಬಿಟ್ಟು ಒಡೆಸಿ, ಬಟ್ಟೆಯಲ್ಲಿ ಕಟ್ಟಿ ಭಾರ ಹೇರಬೇಕು. ನೋಡಲಿಕ್ಕೆ ಗಿಣ್ಣದ ಹಾಗೆಯೇ. ರುಚಿ ಮಾತ್ರ ಇಲ್ಲವೇ ಇಲ್ಲ, ಬರಿದೇ ತಿಂದರೆ ಗೋಡೆ ನೆಕ್ಕಿದ ಹಾಗೆ. ಮೊದಲ ಸಲ ಮಾಡಿದಾಗ ನಮ್ಮವರು ಗಿಣ್ಣವೆಂದೇ ತಿಳಿದು ಬೆಲ್ಲ ಏಲಕ್ಕಿ ಹಾಕಿಕೊಂಡು ತಿಂದು, "ಈ ಎಮ್ಮಿನ್ನ ಯಾವ ಸಂತ್ಯಾಗ ತಂದ್ರಿ? ವಾಪಸ್ ಕೊಟ್ಟು ಬರ್ರಿ" ಎಂದಿದ್ದರು.

ನಾನು ತೋಫುವಿಗೆ ಕೈಹಾಕಿದ್ದು ಆಸೆಯಿಂದಲ್ಲ, ಸಿಟ್ಟಿನಿಂದ. ಸಿಟ್ಟು ನನ್ನ ನೆಗೆಣ್ಣಿಯ ಮೇಲೆ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ ಬಂಗಾರೆವ್ವನ ಮೇಲೆ. ನಮ್ಮ ಮನೆತನದಲ್ಲಿ ಅವಳ ನಾಲಿಗೆಯೇ ಕಾಯಿದೆ. ಯಾರ ಮನೆಯ ಮದುವೆಯಿರಲಿ, ಸೀಮಂತವಿರಲಿ, ಕೊಪ್ಪರಿಗೆಯ ಸಾರನ್ನು ಮೊದಲು ಅವಳ ಅಂಗೈಗೆ ಬಿಡಬೇಕು. ಅವಳು ನೆಕ್ಕಿ, ಕಣ್ಣು ಮುಚ್ಚಿ, ತೆರೆದು "ನೀಡ್ರಿ" ಅನ್ನಬೇಕು. ಅಲ್ಲಿಯತನಕ ಎಲೆಯ ಮುಂದೆ ಕೂತ ಹಿರಿಯರೂ ಬಾಯಿ ಮುಚ್ಚಿಕೊಂಡೇ ಇರಬೇಕು.

ಆ ವರ್ಷ ಅವಳಿಗೆ ಕೆಟ್ಟ ಜ್ವರ ಬಂದು ಹೋಯಿತು. ಎದ್ದ ಮೇಲೆ ಅಡುಗೆ ದಿಕ್ಕು ತಪ್ಪಿತು. ಒಂದು ದಿನ ಪಲ್ಯ ಉಪ್ಪಿನ ಗಣಿ, ಮರುದಿನ ಬೇಳೆ ಸಪ್ಪೆ. ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಿದ್ದರು. ನನ್ನಿಂದಾಗಲಿಲ್ಲ.

"ಅಕ್ಕಾ, ಇದು ಮನಷ್ಯಾರು ಉಣ್ಣೂದಲ್ಲ," ಅಂದೆ.

"ನಿನ್ನ ನಾಲಿಗಿ ಕೆಟ್ಟೈತಿ," ಎಂದಳು. "ಬರೇ ಬೈದು ಬೈದು ಸವದು ಹೋಗೇತಿ."

ಅದೇ ಸಿಟ್ಟಿನಲ್ಲಿ ಹಿತ್ತಿಲಲ್ಲಿ ಬೇರೆ ಒಲೆ ಹಚ್ಚಿದೆ. ಅವಳ ನಾಲಿಗೆಗೆ ಗೊತ್ತೇ ಇಲ್ಲದ ಅಡುಗೆ ಮಾಡಬೇಕು, ಅವಳು ಸರಿ ತಪ್ಪು ಅನ್ನಲು ದಾರಿಯೇ ಇರಬಾರದು, ಅಷ್ಟೇ ನನ್ನ ಹಟ. ಹಾಲು ಒಡೆಸುವುದನ್ನು ಮೊದಲ ಸಲ ಕಂಡಾಗ ಅವಳು ಬಾಗಿಲಲ್ಲೇ ನಿಂತು ಹಣೆ ಹಣೆ ಬಡಿದುಕೊಂಡಿದ್ದಳು. "ಹಾಲು ಒಡದರ ಅಳೋ ಮನಿ ಇದು. ನೀ ಬೇಕಂತ ಒಡಸ್ತೀಯಲ್ಲ! ಸುಗಂಧಾನ ನಿಶ್ಚಯ ಮುಂದಿಟ್ಟುಕೊಂಡು!"

ಸುಗಂಧಾ ಅವಳ ಒಬ್ಬಳೇ ಮಗಳು. ನಾನು ಗಂಟಿನ ಮುಂದೆ ಕೂತಿದ್ದ ದಿನ ಅವಳ ನಿಶ್ಚಯಕ್ಕೆ ಇನ್ನೊಂದು ವಾರವಿತ್ತು. ಅಡುಗೆ ಬಂಗಾರೆವ್ವನದೇ ಎಂದು ಬೀಗರಿಗೂ ಹೇಳಿಯಾಗಿತ್ತು.

ಆ ದಿನ ಗಂಟಿನ ನೀರು ಇಳಿಯುವುದು ನಿಧಾನವಾಗುತ್ತ ಬಂದು, ಕೊನೆಗೂ ಡೋಲ್ಕರ್ "ಆತು" ಎಂದಳು. ಬಿಚ್ಚಿ, ತುಂಡು ಮಾಡಿ, ಕಬ್ಬಿಣದ ಹಂಚಿನಲ್ಲಿ ಎಣ್ಣೆ ಬಿಟ್ಟು ಹೊಂಬಣ್ಣಕ್ಕೆ ಹುರಿದು ತಾಟಿಗೆ ತೆಗೆದೆ. ಇನ್ನು ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಜಜ್ಜಿ ಹುರಿದು, ಡೋಲ್ಕರ್ ಕೊಟ್ಟ ಕರಿ ಸೋಯಾ ಸಾಸ್ ಬಿಟ್ಟು, ತುಂಡುಗಳನ್ನು ಅದರಲ್ಲಿ ಹೊರಳಿಸಬೇಕಿತ್ತು. ಈರುಳ್ಳಿ ಸೊಪ್ಪು ಕಿತ್ತು ತರಲು ಕಾಯಿಪಲ್ಯದ ಮಡಿಯ ಕಡೆ ಹೋದೆ. ತಿರುಗಿ ಬರುವಷ್ಟರಲ್ಲಿ ಬಂಗಾರೆವ್ವ ಒಲೆಯ ಮುಂದೆ ನಿಂತಿದ್ದಳು. ತಾಟಿನ ಒಂದು ತುಂಡು ಬಾಯಲ್ಲಿತ್ತು. ಗಲ್ಲ ಆಡುತ್ತಿತ್ತು.

"ಉಪ್ಪು ಹೆಚ್ಚಾಗೇತಿ," ಎಂದಳು, ತೀರ್ಪು ಕೊಡುವ ಅದೇ ದನಿಯಲ್ಲಿ. "ಬೆಳ್ಳುಳ್ಳಿ ಹಸಿ ಐತಿ. ಸರಿಯಾಗಿ ಹುರಿಬೇಕು, ತಂಗಿ."

ಉಪ್ಪಿನ ಡಬ್ಬಿಯ ಮುಚ್ಚಳವನ್ನು ನಾನಿನ್ನೂ ತೆಗೆದಿರಲಿಲ್ಲ. ಬೆಳ್ಳುಳ್ಳಿ ಸಿಪ್ಪೆ ಸಮೇತ ಕಲ್ಲಿನ ಮೇಲೆ ಬಿದ್ದಿತ್ತು. ಡೋಲ್ಕರ್ ನನ್ನ ಮುಖ ನೋಡಿದಳು. ನಾನು ಒದರಲಿಕ್ಕೆಂದೇ ಬಾಯಿ ತೆರೆದೆ. ಇಷ್ಟು ದಿನ ಉಂಡ ಉಪ್ಪಿಗೆಲ್ಲ ಈಗ ಲೆಕ್ಕ ತೀರಿತು ಅನ್ನಿಸಿತು. ಆಗ ಬಂಗಾರೆವ್ವನ ಕಣ್ಣು ಕಂಡಿತು. ಅವಳು ನನ್ನನ್ನೇ ನೋಡುತ್ತಿದ್ದಳು, ತಾನು ಹೇಳಿದ್ದು ಸರಿಯೋ ತಪ್ಪೋ ಎಂದು ನನ್ನ ಮುಖದಲ್ಲಿ ಹುಡುಕುತ್ತಿದ್ದಳು.

ಡೋಲ್ಕರ್ ಜಾಣೆ. ಏನೋ ನೆನಪಾದವಳಂತೆ ಎದ್ದು ತನ್ನ ಖೋಲಿಗೆ ಹೋದಳು.

"ಅಕ್ಕಾ," ಅಂದೆ. ಸುತ್ತಿಬಳಸಿ ಮಾತಾಡಲು ನನಗೆ ಬರುವುದಿಲ್ಲ. "ಅದಕ್ಕ ನಾ ಏನೂ ಹಾಕಿಲ್ಲ. ಉಪ್ಪೂ ಇಲ್ಲ, ಬೆಳ್ಳುಳ್ಳಿನೂ ಇಲ್ಲ."

ಒಲೆಯ ಪಕ್ಕ ನೇತುಹಾಕಿದ್ದ ಹಸಿ ಬಟ್ಟೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವಳು ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿದಳು.

"ಜ್ವರ ಬಿಟ್ಟಾಗಿಂದ ಹಿಂಗ," ಎಂದಳು. "ಬಾಯಾಗ ಹತ್ತಿ ತುರುಕಿದಂಗ ಆಗೇತಿ. ಹೂವಿನ ವಾಸನಿನೂ ಇಲ್ಲ, ಸೆಗಣಿ ವಾಸನಿನೂ ಇಲ್ಲ. ಡಾಕ್ಟರು ಬರತೈತಿ ಬರತೈತಿ ಅಂತಾರ. ಎಲ್ಲಿ ಬಂತು?"

"ನನಗರ ಹೇಳಬಾರದಿತ್ತೇನು?"

"ನಿನಗ ಹೇಳೂದೂ ಒಂದ, ಡಂಗುರ ಸಾರೂದೂ ಒಂದ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಹುಡುಗನ ಸೋದರತ್ತಿ ಎಂಥಾಕಿ ಅಂತ ಗೊತ್ತೈತಲ್ಲ? ತಾಯಿಗೆ ಏನೋ ರೋಗ ಐತಿ, ನಾಳೆ ಮಗಳಿಗೂ ಬಂದೀತು ಅಂತಾಳ. ಎಲಿ ಮುಂದಿಂದ ಎದ್ದು ಹೋಗೋ ಮಂದಿ ಅವರು."

ನಾನು ಶುಂಠಿ ಬೆಳ್ಳುಳ್ಳಿ ಜಜ್ಜಿದೆ, ಮೆಣಸಿನಕಾಯಿ ಎರಡಿದ್ದಲ್ಲಿ ಐದು ಹಾಕಿದೆ, ಸಾಸ್ ಬಿಟ್ಟು ತುಂಡುಗಳನ್ನು ಹೊರಳಿಸಿ, ಅವಳ ಮುಂದೆ ಇಟ್ಟೆ. ತಿಂದಳು. ಕಣ್ಣಲ್ಲಿ ನೀರು ಬಂತು. ಇನ್ನೊಂದು ತೆಗೆದುಕೊಂಡಳು.

"ಖಾರ ತಿಳೀತೈತಿ," ಎಂದಳು ಬೆರಗಿನಿಂದ. "ಮ್ಯಾಲೆ ಕರುಂ ಅಂತೈತಿ, ಒಳಗ ಮೆತ್ತಗ. ಇದು ಹಲ್ಲಿಗೆ ತಿಳೀತೈತಿ, ನೋಡ."

ಆ ವಾರವೆಲ್ಲ ಅವಳು ಹಿತ್ತಿಲಿಗೆ ಬರುತ್ತಿದ್ದಳು. ಒಮ್ಮೆ ಹುರಿದ ತೋಫು, ಒಮ್ಮೆ ಶಾವಿಗೆಯೊಂದಿಗೆ ಬಿಸಿ ನೀರುಸಾರಿನಲ್ಲಿ ಮುಳುಗಿಸಿದ್ದು, ಒಮ್ಮೆ ಎಳ್ಳು ಶೇಂಗಾ ಕುಟ್ಟಿ ಉದುರಿಸಿದ್ದು. ಜ್ವರ ಬಿಟ್ಟ ಮೇಲೆ ಅವಳು ಆಸೆಪಟ್ಟು ತಿಂದದ್ದು ಅದೇ ಮೊದಲು. ನಾನು ಮಾತ್ರ ಒಂದು ಕಡೆ ಕೂರಲಾರದೆ ಒದ್ದಾಡುತ್ತಿದ್ದೆ. ಅಡುಗೆ ನಾನು ಮಾಡುತ್ತೇನೆ ಅಂದೆ, ಬೇಡವೆಂದಳು. ಭಟ್ಟರನ್ನು ಕರೆಸೋಣ ಅಂದೆ, ಅದಕ್ಕೂ ಬೇಡವೆಂದಳು.

"ನೀ ಮೊದಲ ಯಾರಿಗೂ ತಿಳೀದಂಗ ರುಚಿ ನೋಡು. ಆಮ್ಯಾಲೆ ನನ್ನ ಮುಂದ ಬಂದು ನಿಲ್ಲು, ಸಾಕು," ಎಂದಳು. "ನಿನ್ನ ಮಾರಿ ಮ್ಯಾಲೆ ಯಾವತ್ತರ ಏನರ ಮುಚ್ಚಿಟ್ಟೀಯೇನು?"

ನಿಶ್ಚಯದ ದಿನ ಮಂದಿ ಎಲೆಯ ಮುಂದೆ ಕೂತರು. ಹುಡುಗನ ಸೋದರತ್ತೆ ಊಟಕ್ಕೆ ಕೂರದೆ ಸೀದಾ ಅಡುಗೆಮನೆಗೇ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಎಲ್ಲಾರೂ ಹೇಳೋ ಆ ನಾಲಿಗಿ ನಾವೂ ನೋಡೂಣಂತ ಬಂದೆವ್ವಾ," ಎಂದಳು. ನಾನು ಅದಾಗಲೇ ಸೌಟಿನಿಂದ ಸಾರು ಕುಡಿದಿದ್ದೆ. ಕಟ್ಟಿನ ಸಾರಿಗೆ ಉಪ್ಪು ಸಾಲದು. ನನ್ನ ಮುಖ ಹೇಗಾಗಿತ್ತೋ ನನಗೆ ಗೊತ್ತಿಲ್ಲ. ಬಂಗಾರೆವ್ವ ಅಂಗೈ ನೆಕ್ಕಿದಳು, ಕಣ್ಣು ಮುಚ್ಚಿದಳು, ತೆರೆದು ನನ್ನನ್ನು ಕಂಡಳು.

"ಒಂದು ಮುಟಗಿ ಉಪ್ಪು ಹಾಕ್ರಿ."

ಹಾಕಿದರು, ತಿರುವಿದರು. ನಾನೂ ಸೌಟು ಆಡಿಸುವ ನೆಪದಲ್ಲಿ ಬಾಗಿ ಇನ್ನೊಂದು ಗುಟುಕು ಕುಡಿದೆ. ಎದೆಯ ಉಸಿರು ಇಳಿಯಿತು.

"ನೀಡ್ರಿ," ಎಂದಳು ಬಂಗಾರೆವ್ವ.

ಅತ್ತೆ ತಾನೂ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೋಡಿದಳು. "ಖರೇನ ನಾಲಿಗಿ ಐತವ್ವಾ ಇದು," ಎಂದು ಹೋಗಿ ಎಲೆಯ ಮುಂದೆ ಕೂತಳು. ಸುಗಂಧಾಳಿಗೆ ಈಗ ಮಕ್ಕಳಾಗಿವೆ, ಇನ್ನು ಇದನ್ನು ಹೇಳಿದರೆ ತಪ್ಪಿಲ್ಲ.

ಎಲ್ಲರ ಊಟವಾದ ಮೇಲೆ ಉಳಿದವರು ನಾವಿಬ್ಬರು. ಬಂಗಾರೆವ್ವ ತಾನೇ ಮಾಡಿದ ಹೋಳಿಗೆಯನ್ನು ಎಲೆಗೆ ಹಾಕಿಕೊಂಡು, ತುಪ್ಪ ಬಿಟ್ಟುಕೊಂಡು, ಒಂದು ತುತ್ತು ಬಾಯಿಗಿಟ್ಟಳು. ಆಮೇಲೆ ನನ್ನ ಕಡೆ ನೋಡಿದಳು.

"ಹೇಳು, ಹೆಂಗಾಗೇತಿ?"

"ಚಲೋ ಆಗೇತಿ."

"ಹಂಗಲ್ಲ. ಹೇಳು."

ನಾನೂ ಒಂದು ತುತ್ತು ಬಾಯಿಗಿಟ್ಟೆ. ಬೈಯಲು ಬರುವ ಮಾತು ಹೊಗಳಲು ಬರುವುದಿಲ್ಲ, ಆದರೂ ತಡಕಾಡಿ ಶುರುಮಾಡಿದೆ. ಮೊದಲು ತುಪ್ಪ ಬರತೈತಿ ಅಂದೆ. ಆಮೇಲೆ ಬೆಲ್ಲ, ಅಂಚಿನ್ಯಾಗ ಚೂರು ಹೊತ್ತಿದ ವಾಸನಿ, ಅದೂ ಛಂದನ ಐತಿ. ಅವಳು ಕಣ್ಣು ಮುಚ್ಚಿ ನಿಧಾನ ಅಗಿಯುತ್ತಿದ್ದಳು. ನಾನು ಮಾತು ಸಿಗದೆ ನಿಂತಾಗ ಅವಳ ದವಡೆಯೂ ನಿಂತಿತು. ಆಮೇಲೆ ಏಲಕ್ಕಿ, ಅಂದೆ. ಅವಳು ಮತ್ತೆ ಅಗಿಯತೊಡಗಿದಳು.