ಮಧ್ಯಾಹ್ನದ ಮಾತ್ರೆ

"ಗಂಗೀ, ಕೊಡ ಎತ್ಕೊಡು ಬಾರೇ" ಎಂದು ಹನುಮಂತಮ್ಮ ಎರಡನೇ ಸಲ ಕೂಗಿದಳು.

ಕೂಗಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಎತ್ತಿಕೊಡುವುದಕ್ಕೆ ಇಲ್ಲಿ ಕೊಡವೆಲ್ಲಿತ್ತು? ಅದು ಗುಬ್ಬಿಯಲ್ಲಿ, ಹೆಣ್ಣುಮಕ್ಕಳ ಹೈಸ್ಕೂಲಿನ ನೀರಿನ ರೂಮಿನಲ್ಲಿತ್ತು. ಇದು ತುಮಕೂರಿನ ಕಾಲೇಜು ಮೈದಾನ. ಬೆಳಗ್ಗೆ ಸೆಮಿಫೈನಲ್ ಗೆದ್ದ ಖೋಖೋ ತಂಡದ ಹನ್ನೆರಡು ಹುಡುಗಿಯರು ಹುಣಸೆ ಮರದ ಕೆಳಗೆ ಕೂತಿದ್ದರು. ಮೂರು ಗಂಟೆಗೆ ಕುಣಿಗಲ್ ತಂಡದ ಮೇಲೆ ಫೈನಲ್ಲು.

ಮೂರು ವರ್ಷದ ಅಭ್ಯಾಸ, ಬಾಯಿ ತಾನಾಗಿ ಕೂಗಿಬಿಟ್ಟಿತ್ತು. ಸ್ಕೂಲಿನಲ್ಲಿ ಮಧ್ಯಾಹ್ನದ ಊಟದ ಬೆಲ್ಲು ಹೊಡೆದು ಕಾಲು ಗಂಟೆಗೆ ಅಟೆಂಡರ್ ಹನುಮಂತಮ್ಮ ಹೀಗೇ ಕರೆಯುವಳು. ಗಂಗಿ, ಅಂದರೆ ಚಿಕ್ಕಗಂಗಮ್ಮ, ಎದ್ದು ಬರುವಳು. ನೀರಿನ ರೂಮಿನ ಬಾಗಿಲ ಹಿಂದೆ ಹುಡುಗಿಯ ಅಂಗೈ ಮೇಲೆ ಒಂದು ಬಿಳಿ ಮಾತ್ರೆ ಬೀಳುವುದು, ಒಂದು ಲೋಟ ನೀರು, ಮುಗಿಯಿತು. ತುಂಬಿದ ಕೊಡ ಇದ್ದಲ್ಲೇ ಇರುವುದು. ಗಂಗಿಗೆ ಮೂರ್ಛೆ ರೋಗ ಇದೆ ಎನ್ನುವುದು ಇಡೀ ಸ್ಕೂಲಿನಲ್ಲಿ ಹೆಡ್‌ಮಿಸ್ಸಿಗೆ ಮತ್ತು ಹನುಮಂತಮ್ಮನಿಗೆ ಮಾತ್ರ ಗೊತ್ತಿತ್ತು. "ಹೆಣ್ ಹುಡ್ಗಿ ಕಣಕ್ಕ, ನಾಲ್ಕ್ ಜನದ ಬಾಯಿಗೆ ಬಿದ್ರೆ ಕೆಟ್ಟೋಯ್ತದೆ" ಎಂದು ತಾಯಿ ರೇವಮ್ಮ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳು. ಡಾಕ್ಟರು ಓಡಲಿ, ಆಡಲಿ, ಏನೂ ಅಡ್ಡಿಯಿಲ್ಲ ಎಂದಿದ್ದರು. ಆದರೆ ಮಾತ್ರೆ ಒಂದು ಹೊತ್ತೂ ತಪ್ಪಬಾರದು, ಬರೀ ಹೊಟ್ಟೆಯಲ್ಲಿ ತಗೊಳ್ಳಬಾರದು. ಹೋದ ಬೇಸಿಗೆ ರಜೆಯಲ್ಲಿ, ಮದುವೆ ಮನೆಯ ಗಡಿಬಿಡಿಯಲ್ಲಿ ಒಂದು ದಿನ ತಪ್ಪಿತ್ತು. ಹುಡುಗಿ ಕೆರೆ ಏರಿ ಮೇಲೆ ಬಿದ್ದು ನಾಲಗೆ ಕಚ್ಚಿಕೊಂಡಿದ್ದಳು. ಅದು ಮನೆಯವರ ಲೆಕ್ಕ. ಹನುಮಂತಮ್ಮನ ಪಾಲಿನ ಮಧ್ಯಾಹ್ನ ಒಂದು ದಿನವೂ ತಪ್ಪಿರಲಿಲ್ಲ, ಆ ಬಗ್ಗೆ ಅವಳಿಗೆ ಒಳಗೊಳಗೇ ಸಣ್ಣ ಜಂಬವೂ ಇತ್ತು.

ಗಂಗಿ ಕೊನೆಗೂ ಎದ್ದು ಕಾಂಪೌಂಡಿನ ಮರೆಗೆ ಬಂದಳು. ಹನುಮಂತಮ್ಮ ಚಿತ್ರಾನ್ನದ ಡಬ್ಬಿ ಮುಂದಿಟ್ಟಳು. ಹುಡುಗಿ ಕೈ ಹಿಂದೆ ಕಟ್ಟಿಕೊಂಡಳು.

"ಬ್ಯಾಡ ಕಣಕ್ಕ. ನಾವೆಲ್ಲಾ ಹರಕೆ ಹೊತ್ತಿದೀವಿ."

"ಏನ್ ಹರಕೆನೇ?"

"ನಿನ್ನೆ ಸಾಯಂಕಾಲ ಆಂಜನೇಯನ ಗುಡೀಲಿ. ಬೆಳಗ್ಗೆ ತಿಂಡಿ ಆದ್ಮೇಲೆ ಫೈನಲ್ ಮುಗಿಯೋಗಂಟ ಒಬ್ರೂ ಅನ್ನ ಮುಟ್ಟಂಗಿಲ್ಲ, ತೊಟ್ಟು ನೀರೂ ಕುಡಿಯಂಗಿಲ್ಲ. ಮಾಲಕ್ಷ್ಮಿ ಎಲ್ರ ಕೈಲೂ ಆಣೆ ಹಾಕಿಸ್ಕೊಂಡ್ಲು."

ಶ್ರಾವಣ ಶನಿವಾರ, ಊರಿಗೂರೇ ಒಪ್ಪೊತ್ತು ಇರುವ ದಿನ. ಹನುಮಂತಮ್ಮನೂ ಇಪ್ಪತ್ತೆರಡು ವರ್ಷದಿಂದ ಸಂಜೆ ದೀಪ ಹಚ್ಚುವವರೆಗೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ತಂಡದ ಲೀಡರ್ ಮಹಾಲಕ್ಷ್ಮಿಗೆ ದೇವರ ಮೇಲೆ ಭಕ್ತಿ ಜಾಸ್ತಿ, ಬುದ್ಧಿ ಆಟಕ್ಕೆ ಬೇಕಾದಷ್ಟು. ಓಡುವ ಮಕ್ಕಳು ನೀರೂ ಕುಡಿಯದೆ ಇದ್ದರೆ ದೇವರು ಮೆಚ್ಚುತ್ತಾನೆಂದು ಅವಳಿಗೆ ಯಾರು ಹೇಳಿದರೋ.

"ನೀನ್ ತಿನ್ಲೇಬೇಕು ಕಣೇ. ಯಾರ್ಗೂ ಕಾಣಕ್ಕಿಲ್ಲ, ನಾ ಅಡ್ಡ ನಿಂತ್ಕೊತೀನಿ."

"ಕಂಡೇ ಕಾಣ್ತದೆ. ಸೋತ್ರೆ ಗಂಗಿ ತಿಂದ್ಲು, ಅದ್ಕೇ ಸೋತ್ವಿ ಅಂತಾರೆ. ಯಾಕ್ ತಿಂದೆ ಅಂದ್ರೆ ಏನ್ ಹೇಳ್ಲಿ? ಒಂದ್ ಹೊತ್ತು ಬುಡಕ್ಕ, ಏನೂ ಆಗಕ್ಕಿಲ್ಲ." ಅಷ್ಟು ಹೇಳಿ ಹುಡುಗಿ ಓಡಿಹೋಗಿ ಮರದ ಕೆಳಗೆ ಕೂತುಬಿಟ್ಟಳು.

ಹನುಮಂತಮ್ಮ ಡಬ್ಬಿ ಹಿಡಿದು ನಿಂತೇ ಇದ್ದಳು. ಪಿ.ಟಿ. ಮೇಷ್ಟ್ರು ಷಡಕ್ಷರಿಗೆ ಹೇಳಿದರೆ ಅವರು ಹೆದರಿ ಗಂಗಿಯನ್ನು ಆಟದಿಂದಲೇ ಕೈಬಿಡುತ್ತಾರೆ, ಹೇಳದಿದ್ದರೆ ಹುಡುಗಿ ಸಾವಿರ ಜನರ ಮುಂದೆ ಬೀಳಬಹುದು. ಬಿದ್ದ ಮೇಲೆ ಗುಟ್ಟೂ ಇಲ್ಲ, ಆಟವೂ ಇಲ್ಲ, ಸ್ಕೂಲೂ ಇಲ್ಲ. ಒಂದೂವರೆಯಾಗಿತ್ತು. ರೇವಮ್ಮನಿಗೆ ಮಾತು ಬೇರೆ ಕೊಟ್ಟಿದ್ದಳು. ಸಿಟ್ಟು ಉಕ್ಕಿತು ಅವಳಿಗೆ, ಈ ಹುಡುಗಿಯರ ಮೇಲೆ, ಆ ಆಣೆಯ ಮೇಲೆ, ತನ್ನ ಮೇಲೂ.

ನೇರವಾಗಿ ಹೋಗಿ ಹುಡುಗಿಯರ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ಡಬ್ಬಿ ಬಿಚ್ಚಿದಳು. ಒಂದು ದೊಡ್ಡ ತುತ್ತು ಕಲಸಿ ಬಾಯಿಗಿಟ್ಟಳು.

"ಅಕ್ಕಾ! ಶ್ರಾವಣ ಶನಿವಾರ!" ಎಂದು ಮಹಾಲಕ್ಷ್ಮಿ ಬಾಯಿ ಮುಚ್ಚಿಕೊಂಡಳು.

ಇಪ್ಪತ್ತೆರಡು ವರ್ಷದ ಒಪ್ಪೊತ್ತು ಆ ತುತ್ತಿನ ಜೊತೆ ಹೋಯಿತು. ಅನ್ನ ಒಳಗೆ ಇಳಿಯಲೊಲ್ಲದು. ಆದರೂ ನುಂಗಿದಳು.

"ಗೊತ್ತು ಕಣೇ. ಆಂಜನೇಯ ನಂಗೂ ಗೊತ್ತಿರೋನೆ. ಲಂಕೆಗೆ ಹೋದಾಗ ಅವ್ನೇ ಹೊಟ್ಟೆ ತುಂಬಾ ಹಣ್ ಕಿತ್ಕೊಂಡ್ ತಿಂದ. ಓಡೋ ಮಕ್ಳು ಹಸ್ಕೊಂಡ್ ಸಾಯ್ಲಿ ಅಂತ ಅವ್ನು ಯಾವತ್ತೂ ಕೇಳಿಲ್ಲ. ತಪ್ಪು ಅನ್ನಂಗಿದ್ರೆ ನನ್ ಮ್ಯಾಲೆ ಬರ್ಲಿ, ನಾನೇ ಮೊದ್ಲು ತಿಂದಿವ್ನಿ. ಬನ್ರೇ, ಕೈ ಹಾಕಿ."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಹಾಲಕ್ಷ್ಮಿಯ ಕಣ್ಣಲ್ಲಿ ನೀರು ಬಂತು. "ನಾವು ಸೋಲ್ಲಿ ಅಂತಾನಾ ಅಕ್ಕ ನಿಂಗೆ? ಯಾರೂ ತಿನ್ಬ್ಯಾಡ್ರೇ" ಎಂದಳು. ಚಾಚಲು ಹೊರಟಿದ್ದ ಒಂದೆರಡು ಕೈಗಳು ಹಿಂದೆ ಸರಿದವು. ಹನುಮಂತಮ್ಮನಿಗೆ ತೋಚಿದ್ದು ಅಷ್ಟೇ, ಅದರಾಚೆಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಆಗ ಗಂಗಿ ಎದ್ದಳು. ಲಂಗದ ಮಣ್ಣು ಕೊಡವಿ, ನಾಲ್ಕು ಹೆಜ್ಜೆ ನಡೆದು, ಹನುಮಂತಮ್ಮನ ಎದುರಿಗೆ ಮಂಡಿಯೂರಿ ಕೂತಳು.

"ತುತ್ತು ಕೊಡಕ್ಕ" ಎಂದಳು. ಅದನ್ನು ತಿಂದು ಮುಗಿಸಿ, ಎಲ್ಲರಿಗೂ ಕೇಳುವಂತೆ, "ಮಾತ್ರೇನೂ ಕೊಡು" ಎಂದಳು.

"ಏನ್ ಮಾತ್ರೆನೇ ಅದು?" ಎಂದು ಯಾರೋ ಕೇಳಿದರು.

"ಮೂರ್ಛೆದು. ನಂಗೆ ಆರ್ನೇ ಕ್ಲಾಸಿಂದ ಬರ್ತದೆ. ಮೂರ್ ಹೊತ್ತೂ ಊಟ ಮಾಡಿ ಮಾತ್ರೆ ನುಂಗ್ಬೇಕು. ನುಂಗಿದ್ರೆ ನಿಮ್ಮಂಗೇ ಇರ್ತೀನಿ. ಜೊತೇಲಿ ಆಡ್ಸೋದು ಬ್ಯಾಡ ಅಂದ್ರೆ ಈಗ್ಲೇ ಹೇಳ್ಬಿಡಿ." ಗಂಗಿ ತಲೆ ತಗ್ಗಿಸಲಿಲ್ಲ. ಹನುಮಂತಮ್ಮ ಸೆರಗಿನ ಗಂಟು ಬಿಚ್ಚಿ ಮಾತ್ರೆ ಕೊಟ್ಟಳು. ಮೂರು ವರ್ಷ ಬಾಗಿಲ ಹಿಂದೆ ನಡೆದದ್ದು ಹನ್ನೊಂದು ಜೊತೆ ಕಣ್ಣುಗಳ ಮುಂದೆ ನಡೆಯಿತು.

ಷಡಕ್ಷರಿ ಮೇಷ್ಟ್ರು ಯಾವಾಗ ಬಂದು ಹಿಂದೆ ನಿಂತಿದ್ದರೋ, ಯಾರೂ ನೋಡಿರಲಿಲ್ಲ. ಅವರ ಮುಖ ಬಿಳಚಿಕೊಂಡಿತ್ತು.

"ಹೆಡ್‌ಮಿಸ್ಸಿಗೆ ಗೊತ್ತಾ ಇದು?"

"ಗೊತ್ತು ಸಾ. ಆಡ್ಬೋದು ಅಂತ ಡಾಕ್ಟ್ರು ಬರ್ದ ಚೀಟಿ ಅವ್ರ ಹತ್ರಾನೇ ಐತೆ" ಎಂದು ಹನುಮಂತಮ್ಮ ಎದ್ದು ನಿಂತಳು.

"ಸ್ಕೂಲಲ್ಲಿ ಯಾವತ್ತಾದ್ರೂ ಬಿದ್ದಿದ್ದಾಳಾ?"

"ಇಲ್ಲ ಸಾ. ಮೂರ್ ವರ್ಸ ನಾನೇ ಕೊಟ್ಟಿವ್ನಿ. ಜ್ವರ ಬಂದಾಗ್ಲೂ ರಜಾ ಹಾಕಿಲ್ಲ, ಒಂದಿನ ತಪ್ಪಿಲ್ಲ. ಇವತ್ತೂ ತಪ್ಲಿಲ್ಲ."

ಮೇಷ್ಟ್ರು ಗಡಿಯಾರ ನೋಡಿಕೊಂಡರು, ಗಂಗಿಯನ್ನು ನೋಡಿದರು, ಕೊನೆಗೆ ಹನುಮಂತಮ್ಮನನ್ನು ನೋಡಿದರು. ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ಯಾವ ಮೇಷ್ಟ್ರೂ ಅವಳನ್ನು ಅಷ್ಟು ಹೊತ್ತು ನೋಡಿರಲಿಲ್ಲ.

"ಹನುಮಂತಮ್ಮನವರೇ, ನೀವು ಹೇಳಿ. ಆಡಿಸ್ಲಾ?"

ಬಹುವಚನ ಕೇಳಿ ಅವಳಿಗೆ ಒಂದು ಕ್ಷಣ ಯಾರನ್ನು ಕೇಳುತ್ತಿದ್ದಾರೆಂದೇ ತಿಳಿಯಲಿಲ್ಲ. "ಆಡ್ಸಿ ಸಾ" ಎಂದಳು.

"ಸರಿ. ಎಲ್ಲಾ ನೀರು ಕುಡಿದು ಒಂದೊಂದು ತುತ್ತು ತಿನ್ನಿ. ಜಾಸ್ತಿ ಬೇಡ, ಓಡೋಕಿದೆ" ಎಂದು ಮೇಷ್ಟ್ರು ಹೊರಟರು. ಮಹಾಲಕ್ಷ್ಮಿ ಎಲ್ಲರಿಗಿಂತ ಕೊನೆಗೆ ಬಂದಳು. ಮೂಗು ಒರೆಸಿಕೊಂಡು, ಡಬ್ಬಿಯ ಮೂಲೆಯಲ್ಲಿ ಉಳಿದಿದ್ದ ಅನ್ನ ಬಳಿದು ಅರ್ಧ ಗಂಗಿಯ ಬಾಯಿಗಿಟ್ಟು ಅರ್ಧ ತಾನು ತಿಂದಳು. "ಮೊದ್ಲೇ ಹೇಳಕ್ಕೆ ಏನಾಗಿತ್ತೇ ನಿಂಗೆ" ಎಂದು ಬೈದಳು.

ಫೈನಲ್ಲಿನ ಕೊನೆಯ ಸರದಿಯಲ್ಲಿ ಗುಬ್ಬಿಯ ಓಟಗಾರ್ತಿಯರಲ್ಲಿ ಗಂಗಿಯೊಬ್ಬಳೇ ಉಳಿದಿದ್ದಳು. ಕುಣಿಗಲ್ಲಿನವರು ಒಬ್ಬರಾದ ಮೇಲೊಬ್ಬರು ಖೋ ಪಡೆದು ಎದ್ದು ಅಟ್ಟಿದರೂ ಅವಳ ಜಡೆಯ ತುದಿಯೂ ಸಿಗಲಿಲ್ಲ. ಗಂಗಿ ಕಂಬದ ಹತ್ತಿರ ತಿರುಗುವಾಗಲೆಲ್ಲ ಹನುಮಂತಮ್ಮನ ಜೀವ ಬಾಯಿಗೆ ಬರುತ್ತಿತ್ತು. ತಿರುಗಿ ಮತ್ತೆ ಓಡಿದಾಗ ಅವಳಿಗೆ ಹೆಮ್ಮೆಯಿಂದ ಮೈ ಜುಮ್ಮೆನ್ನುತ್ತಿತ್ತು. ಹೆತ್ತವಳಲ್ಲ, ಅಕ್ಷರ ಕಲಿಸಿದವಳೂ ಅಲ್ಲ. ಆದರೂ ಹೆಮ್ಮೆ ಬಂದಿತ್ತು, ಯಾರನ್ನೂ ಕೇಳದೆ ಬಂದಿತ್ತು.

ಪಕ್ಕದಲ್ಲಿ ಕುಣಿಗಲ್ ಕಡೆಯ ಒಬ್ಬ ಹೆಂಗಸು ಎಲೆಯಡಿಕೆ ಮೆಲ್ಲುವುದನ್ನೂ ಮರೆತು ನೋಡುತ್ತಿದ್ದಳು. "ಅಬ್ಬಬ್ಬಾ! ಈ ಹುಡ್ಗೀಗೆ ಅದೇನ್ ಕೊಟ್ಟು ಸಾಕವ್ರಮ್ಮ?" ಎಂದಳು.

ಹನುಮಂತಮ್ಮ ಸೆರಗು ಸರಿಮಾಡಿಕೊಂಡಳು.

"ಬೆಳಗ್ಗೆದು ರಾತ್ರೀದು ಅವ್ರವ್ವ ಕೊಡ್ತಾಳೆ" ಎಂದಳು. "ಮದ್ಯಾನದ್ದು ನಾನೇ ಕೊಡೋದು ಕಣವ್ವ."

ಗಂಗಿ ಕಂಬ ಹಿಡಿದು ಗಿರ್ರನೆ ತಿರುಗಿದಳು. ಎದ್ದ ಧೂಳು ಗಾಳಿಗೆ ತೇಲಿ ಬಂದು ಅವರಿಬ್ಬರ ಮೇಲೂ ಕೂತಿತು.