ಕಾಡುಪಾಪ ಅಂದ್ರ ಯಾರ ಪಾಪ?

ದಾಂಡೇಲಿಯ ಕಾಗದ ಕಾರ್ಖಾನಿ ಚಾಳಿನಾಗ ಮಾಲವ್ವಗ ಸೋಮವಾರದಿಂದ ರೊಟ್ಟಿ ಗಂಟಲಾಗ ಇಳೀವಲ್ದು. ಮಗಳು ಶಿವವ್ವ ಧಾರವಾಡದಾಗ ಬಿ.ಎಸ್ಸಿ. ಮುಗಿಸಿ ಬಂದಾಳ. ಅಲ್ಲೇ ವಿಶ್ವವಿದ್ಯಾಲಯದಾಗ ಪ್ರಾಣಿಶಾಸ್ತ್ರದ ಎಂ.ಎಸ್ಸಿ.ಗೆ ಸೀಟೂ ಸಿಕ್ಕೈತಿ. ನಾಳೆ ಮುಂಜಾನೆ ಬಸ್ಸಿಗೆ ಹೋಗಿ ಹಾಜರಾಗದಿದ್ರ ಆ ಜಾಗಾ ಬ್ಯಾರೆಯವರ ಪಾಲು. ಮಾಲವ್ವ ಮಾತ್ರ ಬ್ಯಾಡಂದ್ರ ಬ್ಯಾಡ ಅಂತ ಪಟ್ಟು ಹಿಡದು ಕುಂತಾಳ.

ಕಾರಣಾ ಹೇಳ್ತೇನಿ, ನಗಬ್ಯಾಡ್ರಿ. ಸಾಲಿ ಅಕ್ಕೋರು ಪುಟ್ಟತಾಯಮ್ಮ ಮೈಸೂರ ಕಡೆಯವರು. ರಾಜ್ಯ ಒಂದಾದ ಮ್ಯಾಲೆ ವರ್ಗ ಆಗಿ ಬಂದವರು. ಸೋಮವಾರ ಸಂತ್ಯಾಗ ಸಿಕ್ಕಾಗ, "ನಿಮ್ಮ ಶಿವವ್ವ ಮುಂದೆ ಕಾಡುಪಾಪದ ಬಗ್ಗೆ ಓದ್ತಾಳಂತಲ್ಲ, ಒಳ್ಳೇದಾಯ್ತು" ಅಂದ್ರು. ಮಾಲವ್ವನ ಕಿವಿಗೆ ಪಾಪ ಅನ್ನೂ ಮಾತಷ್ಟ ಬಿತ್ತು. ಬಿದರಿನ ಮ್ಯಾಲೆ ಬದಕೂ ಮಂದಿ ಇವರು. ಗಂಡ ಮಹಾಂತಪ್ಪ ದಿನಾ ಲಾರಿಯಿಂದ ಬಿದರ ಇಳಸ್ತಾನ. ಕಡದ ಅಡವಿಯ ಪಾಪ ಯಾರಿಗೆ ತಟ್ಟತೈತೋ ಅನ್ನೂ ಅಂಜಿಕಿ ಆಕಿಗೆ ಮೊದಲಿಂದನೂ ಇತ್ತು. ಈಗ ನೋಡಿದ್ರ ಹೆತ್ತ ಮಗಳ ಅದನ್ನ ತಲಿಮ್ಯಾಲೆ ಹೊತ್ಕೊಳ್ಳಾಕ ಹೊಂಟಾಳ. ಬಾಯಿಬಿಟ್ಟು ಕೇಳಾಕೂ ಹೆದರಿಕಿ. ಅದಕ್ಕ ಹುಲಿ ನೆಪಾ ಮಾಡಿದಳು.

"ಹುಲಿ ಬಾಯಾಗ ಬಿದ್ರ ನಾ ಯಾರಿಗೆ ಹೇಳ್ಲಿ? ಅಡವಿ ಸುತ್ತೂ ಹುಡುಗೀನ ಯಾರ ಮಾಡ್ಕೊಂತಾರ?"

"ಅವ್ವಾ, ಹುಲಿ ಹಿಡಿಯೂ ವಿದ್ಯಾ ಅಲ್ಲ ಇದು. ಯಾವ ಪ್ರಾಣಿ ಏನ ತಿಂತೈತಿ, ಗಿಡಾ ಹೋದ್ರ ಎಲ್ಲಿಗೆ ಹೋಗತೈತಿ, ಅದು ಹೋದ್ರ ನಮಗೇನಾಗತೈತಿ, ಇದನ್ನ ಕಲಿಯೂದು."

"ಕಲತು ಯಾರನ್ನ ಉದ್ಧಾರ ಮಾಡ್ತಿ?" ಅಂದು ಮಾಲವ್ವ ಮಾರಿ ತಿರುವಿದಳು.

ಸಂಜಿಮುಂದ ಮಹಾಂತಪ್ಪ ಪಟಕಾದಾಗ ಏನೋ ಸುತ್ತಿಕೊಂಡು ಬಂದ. ಗಣೇಶಗುಡಿ ಕಡಿಂದ ಬಂದ ಬಿದರಿನ ಹೊರಿಯಾಗ ಸಿಕ್ಕಿತ್ತಂತ. ಬಿಚ್ಚಿ ನೋಡಿದ್ರ ಕಡ್ಡಿಯಂಥಾ ಕೈಕಾಲಿನ ಸಣ್ಣ ಪ್ರಾಣಿ, ಮಾರಿ ತುಂಬ ಕಣ್ಣು, ಗಡಗಡ ನಡಗಾಕ ಹತ್ತಿತ್ತು. ಬಾಜೂಮನಿ ಗೋದುಬಾಯಿ ಈಳಿಗಿ ಹಿಡಕೊಂಡ ಬಂದಳು.

"ಮನಿಯಾಗ ಇಟ್ಕೋಬ್ಯಾಡ್ರಿ, ಅಪಶಕುನ. ಅದರ ಕಣ್ಣ ನನಗ ಕೊಡ್ರಿ, ಕಣ್ಣಿನ ಮಬ್ಬಿಗೆ ಔಷಧ ಆಗತೈತಿ."

ಶಿವವ್ವ ಅಡ್ಡ ನಿಂತಳು. "ಮಾವಶಿ, ಕೈ ಹಚ್ಚಬ್ಯಾಡ್ರಿ. ಇದರ ಕಣ್ಣ ಕಿತ್ರ ಯಾರ ಕಣ್ಣೂ ನೆಟ್ಟಗಾಗೂದಿಲ್ಲ. ನಿಮ್ಮನ್ನ ದವಾಖಾನಿಗೆ ಕರಕೊಂಡ ಹೋಗಾಕ ಅಪ್ಪಗ ಹೇಳ್ತೇನಿ. ಇದು ಯಾರಿಗೂ ಕೆಟ್ಟದ್ದ ಮಾಡೂದಿಲ್ಲ, ಹುಳಹುಪ್ಪಡಿ ತಿಂದು ಬದಕತೈತಿ."

ಶಿವವ್ವನ್ನ ಮಾತಾಡಸಾಕಂತ ಬಂದಿದ್ದ ಪುಟ್ಟತಾಯಮ್ಮ ಹಣಿಕಿ ನೋಡಿ, "ಅಯ್ಯೋ, ಕಾಡುಪಾಪ ಅಲ್ವಾ ಇದು" ಅಂದ್ರು.

ಮಾಲವ್ವ ಬೆಚ್ಚಿದಳು. "ಏನಂದ್ರಿ ಅಕ್ಕೋರ? ಇದರ ಹೆಸರ ಪಾಪ ಅಂತನ?"

"ಹೌದು ಮಾಲವ್ವ. ನಮ್ಮ ಕಡೆ ಮಗೂನ ಪಾಪ ಅಂತೀವಿ. ಇದು ಕಾಡಿನ ಮಗು."

ಮಾಲವ್ವ ಬಾಗಿ ನೋಡಿದಳು. ಅದರ ಹೊಟ್ಟಿಗೆ ಹೆಬ್ಬಟ್ಟಿನಷ್ಟು ಮರಿ ಅವಚಿಕೊಂಡಿತ್ತು. ಆಕಿ ಅಲ್ಲೇ ನೆಲಕ್ಕ ಕುಂತಬಿಟ್ಟಳು.

"ನಾನು ಅಡವಿ ಕಡದ ಪಾಪ ಅಂತ ತಿಳದು ಉಪಾಸ ಬಿದ್ದೇನಲ್ರಿ."

ಎಲ್ಲಾರೂ ನಕ್ರು. ಶಿವವ್ವ ನಗಲಿಲ್ಲ. "ನೀ ತಿಳದದ್ದೂ ಸುಳ್ಳಲ್ಲವ್ವ. ಇದು ಇದ್ದ ಬಿದರ ಮೆಳಿ ಕಡದಾರ. ಎಷ್ಟು ಕಡದ್ರ ಇದಕ್ಕ ಜಾಗಾ ಉಳೀತೈತಿ, ಯಾವಾಗ ಕಡೀಬಾರದು, ನಾವ್ಯಾರೂ ಕೂತು ನೋಡಿಲ್ಲ. ಅದನ್ನ ತಿಳಕೊಳ್ಳಾಕನ ನಾ ಹೊಂಟಿದ್ದು."

ಮಾಲವ್ವ ತನ್ನ ಹಳೇ ಸೀರಿ ತುಂಡ ತಂದು ತಾಯಿ-ಮರಿ ಎರಡಕ್ಕೂ ಹೊದಿಸಿದಳು. ಮಹಾಂತಪ್ಪ ಅವನ್ನ ಖಾಲಿ ಲಾರ್ಯಾಗ ಗಣೇಶಗುಡಿ ಅಡವಿಗೆ ವಾಪಸ್ ಒಯ್ದ. ಅವು ಬದಕತಾವೋ ಇಲ್ಲೋ ಅನ್ನೂ ಚಿಂತಿ ಮಾಲವ್ವನ್ನ ರಾತ್ರೆಲ್ಲಾ ಬಿಡಲಿಲ್ಲ.

ಮುಂಜಾನೆ ಬಸ್ಸಿನ ಹಂತ್ಯಾಕ ಮಹಾಂತಪ್ಪ ಓಡಿ ಬಂದ. "ಗಿಡಾ ಹತ್ತಿ ಹೋತು, ಮರಿ ಬಿಡಲಿಲ್ಲ" ಅಂದ. ಮಾಲವ್ವ ಬುತ್ತಿ ಗಂಟು ಮಗಳ ಉಡ್ಯಾಗ ಇಟ್ಟಳು.

"ಚಲೋತ್ನಂಗ ಕಲತು ಬಾ. ಯಾವ ಮೆಳಿ ಬಿಡಬೇಕು ಅಂತ ನಿಮ್ಮಪ್ಪಗೂ ಹೇಳು."

ಹಳಿಯಾಳ, ಸೂಪಾ, ಮುಂಡಗೋಡದ ಅವ್ವಗಳಿರಾ, ಅಪ್ಪಗಳಿರಾ, ನಿಮ್ಮ ಮನಿ ಹುಡುಗಿ ಅಡವಿ ವಿದ್ಯಾ ಕಲೀತೇನಿ ಅಂದ್ರ ಮಾಲವ್ವನಂಗ ಒಳಗೊಳಗ ಅಂಜಿ ಕೂಡಬ್ಯಾಡ್ರಿ, ಆಕಿ ಮಾತ ಪೂರಾ ಕೇಳ್ರಿ. ಇಂಥ ಪ್ರಾಣಿ ಸಿಕ್ರ ಅರಣ್ಯ ಇಲಾಖೆಯವರಿಗೆ ಮುಟ್ಟಿಸ್ರಿ. ಕಾಡಿನ ಪಾಪ ಕೂಸಾಗಿ ಉಳೀಬೇಕೋ, ಪಾಪ ಆಗಿ ನಮ್ಮ ತಲಿಗೆ ಸುತ್ತಕೋಬೇಕೋ, ಅದು ನಮ್ಮ ಕೈಯಾಗ ಐತಿ.