ಗೋದಾವರಿ ದಾಟಿದ ಮೊಟ್ಟೆಗಳು

ಸೊಂಟದ ಮೂಳೆಯ ಆಪರೇಷನ್ ಆದ ಮೇಲೆ ದುರ್ಗಾಂಬ ಚೇತರಿಸಿಕೊಳ್ಳಲು ಗಾಜುವಾಕದ ಮಗಳ ಮನೆಗೆ ಬಂದಿದ್ದರು. ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಮಗ ಜಗನ್ಮೋಹನನ ಮನೆ ಪಾತ್ರೆ ಅಂಗಡಿಯ ಮೇಲಿದೆ, ಕಡಿದಾದ ಮೆಟ್ಟಿಲು. ಮಗಳು ರಾಜ್ಯಲಕ್ಷ್ಮಿಯ ಮನೆಯಾದರೆ ನೆಲಮಟ್ಟದಲ್ಲೇ.

ಅಳಿಯ ಬಾಲಚಂದ್ರ ಚಿತ್ರದುರ್ಗದ ಕಡೆಯವನು, ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್. ಮದುವೆಯಾಗಿ ಇಷ್ಟು ವರ್ಷವಾದರೂ ಅತ್ತೆ ಅಳಿಯರ ಮಾತು ತೆಲುಗಿನಲ್ಲೇ, ಅದೂ 'ಊಟ ಆಯಿತಾ' ಎಂಬಲ್ಲಿಗೆ ನಿಲ್ಲುತ್ತಿತ್ತು. ಹಾಗಿರುವಾಗ ಒಂದು ಸಂಜೆ ಅತ್ತೆಯೇ ಅಳಿಯನನ್ನು ಕರೆದರು.

"ಅಲ್ಲುಡುಗಾರೂ, ನಾಟಿಕೋಳಿ ಮೊಟ್ಟೆ ಸಿಗ್ತವಾ? ಹುಂಜ ಇರೋ ಮನೆಯವು ಬೇಕು."

"ಸಾರಿಗಾ ಅತ್ತೆ?"

"ಅಲ್ಲ, ಮರಿ ಮಾಡಿಸೋಕೆ."

ಕಾವಿಗೆ ಕೋಳಿ ಎಲ್ಲಿದೆ ಎಂದು ಅವನು ಕೇಳಲಿಲ್ಲ. ಕಾರ್ಖಾನೆಯ ಗೆಳೆಯ ಬಾಬ್ಜಿಯ ಹಿತ್ತಿಲಿನಿಂದ ಒಂದಷ್ಟು ಮೊಟ್ಟೆ ತಂದ. ಥರ್ಮೋಕೋಲ್ ಪೆಟ್ಟಿಗೆಗೆ ಬಲ್ಬು ಕೂರಿಸಿ, ಬಿಸಿ ಹೆಚ್ಚಾದರೆ ತಾನೇ ಆರುವಂತೆ ಮಾಡಿ, ಒಳಗೊಂದು ಬಟ್ಟಲು ನೀರಿಟ್ಟು ಅತ್ತೆಯ ಮಂಚದ ಪಕ್ಕ ಇಟ್ಟ.

ದುರ್ಗಾಂಬ ದಿನವೂ ಮೊಟ್ಟೆಗಳನ್ನು ಮೆಲ್ಲಗೆ ಹೊರಳಿಸುತ್ತಿದ್ದರು. ಮುಸ್ಸಂಜೆ ಅವನು ಕೆಲಸದಿಂದ ಬಂದ ಮೇಲೆ ಕಿಟಕಿ ಮುಚ್ಚಿ, ಒಂದೊಂದನ್ನೇ ಟಾರ್ಚಿಗೆ ಹಿಡಿಯುತ್ತಿದ್ದರು. ಮೊದಲು ಬರೀ ಕಿತ್ತಳೆ ಬೆಳಕು. ಆಮೇಲೆ ಕೆಂಪು ನೂಲಿನಂಥ ನರಗಳು, ನಡುವೆ ಮಿಡಿಯುವ ಚುಕ್ಕೆ. ಇಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಕಾಫಿ ತಂದ ರಾಜ್ಯಲಕ್ಷ್ಮಿ ಪೆಟ್ಟಿಗೆಯ ಮೇಲೆ ಬಾಗಿದ್ದ ಎರಡು ತಲೆಗಳನ್ನು ಕಂಡು ಸದ್ದಿಲ್ಲದೆ ಹಿಂದಿರುಗಿದಳು.

ಇನ್ನೇನು ಮೊಟ್ಟೆ ಒಡೆದು ಮರಿ ಬರಬೇಕು ಅನ್ನುವಾಗ ಜಗನ್ಮೋಹನನ ಫೋನು ಬಂತು. ಆಪರೇಷನ್ ಮಾಡಿದ ವಿಜಯವಾಡದ ಡಾಕ್ಟರು ನೋಡಬೇಕಂತೆ, ಅಮ್ಮನನ್ನು ಕರೆತನ್ನಿ.

"ಮೊಟ್ಟೆ ಇಲ್ಲೇ ಇರಲಿ ಬಿಡಮ್ಮ, ನಾನು ನೋಡ್ಕೋತೀನಿ" ಎಂದಳು ಮಗಳು. ದುರ್ಗಾಂಬ ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. ಮರುದಿನ ಬೆಳಿಗ್ಗೆ ಬಾಲಚಂದ್ರ ಅಟ್ಟದ ಮೇಲಿದ್ದ ದೊಡ್ಡ ಹಾಟ್‌ಬಾಕ್ಸ್ ಇಳಿಸಿ, ಬಿಸಿನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ತಳಕ್ಕಿಟ್ಟು, ಮೇಲೆ ಹಳೇ ಸೀರೆ ಹಾಸಿ ಮೊಟ್ಟೆಗಳನ್ನು ಜೋಡಿಸಿದ.

"ಮುಚ್ಚಳ ಸ್ವಲ್ಪ ತೆರೆದೇ ಇರಲಿ ಅತ್ತೆ, ಉಸಿರಾಡಬೇಕಲ್ಲ."

ಅತ್ತೆ ಅಳಿಯ ಇಬ್ಬರೇ ದುವ್ವಾಡದಲ್ಲಿ ರೈಲು ಹತ್ತಿದರು. ಮಧ್ಯಾಹ್ನದ ಬೋಗಿಯಲ್ಲಿ ಎಲ್ಲರೂ ತೂಕಡಿಸುತ್ತಿದ್ದರು. ಹೊರಗೆ ಗದ್ದೆ, ತೆಂಗು, ಮತ್ತೆ ಗದ್ದೆ. ಬಾಟಲಿ ಆರಿದಾಗ ಎದುರು ಸೀಟಿನ ಹೆಂಗಸು ಕೇಳದೆಯೇ ತನ್ನ ಫ್ಲಾಸ್ಕಿನ ಬಿಸಿನೀರು ಸುರಿದುಕೊಟ್ಟಳು. ಮೊಟ್ಟೆಯ ಪೆಟ್ಟಿಗೆ ದುರ್ಗಾಂಬನ ಮಡಿಲಲ್ಲಿ ತೂಗುತ್ತಿತ್ತು.

"ಬಳ್ಳಾರ್‍ಯಾಗೆ ನಾನು ಸಣ್ಣಾಕಿ ಇದ್ದಾಗ" ಎಂದರು ದುರ್ಗಾಂಬ, ಕಿಟಕಿಯತ್ತ ನೋಡುತ್ತಲೇ, "ಕಾವಿಗೆ ಕೂತ ಕೋಳಿ ಬುಟ್ಟಿ ಪಕ್ಕನೇ ಮಲಗ್ತಿದ್ದೆ. ಅದು ನಿದ್ದ್ಯಾಗೂ ಮೊಟ್ಟೆ ಕೂಡ ಮಾತಾಡೋದು."

ತವರಿನ ಕನ್ನಡ ಅವರ ಬಾಯಲ್ಲಿ ಇನ್ನೂ ಇದೆಯೆಂಬುದೇ ಬಾಲಚಂದ್ರನಿಗೆ ಗೊತ್ತಿರಲಿಲ್ಲ. ಅವನು ಇನ್ನಷ್ಟು ಹತ್ತಿರ ಸರಿದು ಕೂತ.

"ಆಪರೇಷನ್ ಆದ ಮ್ಯಾಲೆ ಬೆಳಗಾಗೋದೇ ಬ್ಯಾಡ ಅನ್ಸಿತ್ರೀ. ನಾಳೆ ನೋಡಾಕ ಏನಾರ ಒಂದು ಇರ್ಲಿ ಅಂತ ಕೇಳಿದ್ದೆ."

ರಾಜಮಂಡ್ರಿ ದಾಟಿ ರೈಲು ಗೋದಾವರಿಯ ಸೇತುವೆ ಹತ್ತಿತು. ಜನ ಎದ್ದು ಕಿಟಕಿಗೆ ಬಂದು ನದಿಗೆ ನಾಣ್ಯ ಎಸೆದರು. ದುರ್ಗಾಂಬನ ಎರಡೂ ಕೈ ಪೆಟ್ಟಿಗೆಯ ಮೇಲಿದ್ದವು. ಫ್ಲಾಸ್ಕಿನ ಹೆಂಗಸು ಅವರ ಪರವಾಗಿಯೂ ಒಂದು ನಾಣ್ಯ ಎಸೆದು ಕೈಮುಗಿದಳು. ಅಗಲವಾದ ನೀರು ಬಿಸಿಲಿನಲ್ಲಿ ಹಾಲಿನ ಹಾಗೆ ಹರಡಿತ್ತು. ಬೋಗಿಯೊಳಗೆಲ್ಲ ಅದರ ಬೆಳಕು ಅಲೆಯಲೆಯಾಗಿ ಆಡಿತು.

ಕಬ್ಬಿಣದ ಗಡಗಡ ಮುಗಿದು ರೈಲು ಮಣ್ಣಿಗಿಳಿದಾಗ ಒಮ್ಮೆಲೇ ನಿಶ್ಶಬ್ದ. ಆಗ ಪೆಟ್ಟಿಗೆಯೊಳಗಿಂದ ಕೇಳಿಸಿತು: ಚಿಂವ್.

ದುರ್ಗಾಂಬ ಬಾಗಿ, ಗಂಟಲೊಳಗೇ "ಕ್ಲುಕ್, ಕ್ಲುಕ್" ಎಂದರು. ಚಿಂವ್, ಚಿಂವ್ ಎಂದು ಉತ್ತರ ಬಂತು. ನಿದ್ದೆ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ಕಣ್ಣು ಬಿಟ್ಟರು. ಚಹಾ ಮಾರುವವನೂ ಕೂಗು ನಿಲ್ಲಿಸಿ ಅಲ್ಲೇ ನಿಂತ.

ವಿಜಯವಾಡದಲ್ಲಿ ಇಳಿಯುವ ಹೊತ್ತಿಗೆ ಒಂದು ಮೊಟ್ಟೆಯ ಮೇಲೆ ನಕ್ಷತ್ರದಂತೆ ಬಿರುಕು. ಮರುದಿನ ಡಾಕ್ಟರು ನೋಡಿ ಮೂಳೆ ಚೆನ್ನಾಗಿ ಕೂಡಿದೆ ಅಂದರು. ದುರ್ಗಾಂಬನಿಗೆ ಮಗನ ಮನೆಗೆ ಹಿಂದಿರುಗುವ ಆತುರ; ಅಳಿಯನ ತೋಳು ಹಿಡಿದು ಕಡಿದಾದ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದರು. ಜಗನ್ಮೋಹನನ ಮನೆಯ ನಡುಕೋಣೆಯಲ್ಲಿ ಹಿಂದಿನ ರಾತ್ರಿ ಹೊಂದಿಸಿಟ್ಟ ಬಲ್ಬಿನಡಿ ಆಗಲೇ ಒಂದು ಒದ್ದೆ ಮರಿ ಹೊರಬಿದ್ದು ಕತ್ತು ಎತ್ತಲಾರದೆ ಮಲಗಿತ್ತು. ಸಂಜೆಯೊಳಗೆ ಮತ್ತೆ ಮೂರು ಬಂದವು. ಒಂದು ಮೊಟ್ಟೆ ಮಾತ್ರ ಒಡೆಯಲೇ ಇಲ್ಲ. ದುರ್ಗಾಂಬ ಅದನ್ನು ಬಹಳ ಹೊತ್ತು ಕಿವಿಗಿಟ್ಟುಕೊಂಡು, ಕೊನೆಗೆ ದಾಸವಾಳದ ಕುಂಡದಲ್ಲಿ ಹೂತು ಕೈ ತೊಳೆದರು.

ಬಾಲಚಂದ್ರ ಅಂದೇ ಸಂಜೆ ಹೊರಡಬೇಕಿತ್ತು. ಹೆಂಡತಿಗೆ ಫೋನು ಮಾಡಿದ. "ಮರಿ ಇನ್ನೂ ಪೂರ್ತಿ ಒಣಗಿಲ್ಲ, ನಾಳೆ ಬರ್ತೀನಿ."

"ನೀವು ಒಣಗಿಸಬೇಕಾ?" ಎಂದು ರಾಜ್ಯಲಕ್ಷ್ಮಿ ನಕ್ಕಳು.

ದುರ್ಗಾಂಬ ಒಂದು ಮರಿಯನ್ನು ಎತ್ತಿ ಅವನ ಅಂಗೈಯಲ್ಲಿಟ್ಟರು. ಅದು ಒಮ್ಮೆ ಕೊಕ್ಕು ತೆರೆದು ಮುಚ್ಚಿ, ಬೆರಳುಗಳ ನಡುವೆ ತಲೆ ತೂರಿಸಿ ನಿದ್ದೆಹೋಯಿತು. ಅದು ಎಚ್ಚರಾದೀತೆಂದು ಅವನು ಕೈ ಅಲುಗಿಸದೆ ಕೂತ. ಕೆಳಗಿನ ಬೀದಿಯ ಆಟೋಗಳ ಗದ್ದಲ ಎಲ್ಲೋ ದೂರದ ಊರಿನದೆಂಬಂತೆ ಕೇಳುತ್ತಿತ್ತು.